ಯೋಚಿಸುವ ಹೊತ್ತಿಗೂ ಬೆಲೆಯುಂಟು

ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಆರೋಗ್ಯ ಕೆಟ್ಟಾಗ ಚಿಕಿತ್ಸೆಗಿಂತ ಮೊದಲು ಚರ್ಚೆ ಆರಂಭವಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಹೋಗುವುದೋ, ಮೈಸೂರಿಗೇ ಹೋಗುವುದೋ? ಈಗಲೇ ಗಾಡಿ ಮಾಡುವುದೋ, ಬೆಳಗಿನ ಬಸ್ಸಿಗೆ ಕಾಯುವುದೋ? ಖರ್ಚಿಗೆ ಯಾರನ್ನು ಕೇಳುವುದು? ಹಿರಿಯ ಮಗ ಹೊಲದಿಂದ ಬರಲಿ, ಸೋದರಮಾವನನ್ನು ಒಂದು ಮಾತು ಕೇಳೋಣ, ಸ್ವಲ್ಪ ಹೊತ್ತು ನೋಡೋಣ ಎನ್ನುತ್ತ ಗಂಟೆಗಳು ಸರಿಯುತ್ತವೆ. ಆಸ್ಪತ್ರೆಯ ಬಿಲ್ಲಿನಲ್ಲಿ ಔಷಧಿಗೆ ಇಷ್ಟು, ಹಾಸಿಗೆಗೆ ಇಷ್ಟು ಎಂದು ಬರೆದಿರುತ್ತದೆ. ಜಗಲಿಯ ಮೇಲೆ ಯೋಚನೆಯಲ್ಲಿ ಕಳೆದ ಹೊತ್ತಿನ ಬೆಲೆಯನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕೆಲವು ಕಾಯಿಲೆಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದ ಬಾಬತ್ತು ಅದೇ.

ಇದನ್ನು ಹಳ್ಳಿ ಜನರ ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಒಬ್ಬರನ್ನು ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಇನ್ನೊಬ್ಬರು ಇರಬೇಕು. ಇಬ್ಬರ ಕೂಲಿ ಹೋಗುತ್ತದೆ, ಮನೆಯಲ್ಲಿ ದನಕರು ನೋಡುವವರಿರುವುದಿಲ್ಲ, ಗಾಡಿ ಬಾಡಿಗೆ, ಊಟ ತಿಂಡಿಯ ಖರ್ಚು ಬೇರೆ. ಕೆ.ಆರ್. ನಗರದಿಂದ ಮೈಸೂರಿಗೆ ಸುಮಾರು 40 ಕಿ.ಮೀ., ಹುಣಸೂರಿನಿಂದ ಸುಮಾರು 45, ಎಚ್.ಡಿ. ಕೋಟೆಯಿಂದ 50ರ ಮೇಲೆ, ಪಿರಿಯಾಪಟ್ಟಣದಿಂದ ಸುಮಾರು 70. ಕಬಿನಿ ಹಿನ್ನೀರಿನ ಕಡೆಯ ಡಿ.ಬಿ. ಕುಪ್ಪೆಯಂಥ ಕಾಡಂಚಿನ ಊರುಗಳವರಿಗೆ ತಮ್ಮ ತಾಲ್ಲೂಕು ಕೇಂದ್ರವೇ ದೂರ. ಹೀಗಿರುವಾಗ ಹಿಂದುಮುಂದು ನೋಡುವುದು ಸಹಜ. ಯೋಚನೆ ಮಾಡುವುದು ತಪ್ಪಲ್ಲ. ಯಾವ ಯೋಚನೆಯನ್ನು ಯಾವ ಹೊತ್ತಿನಲ್ಲಿ ಮಾಡಬೇಕು ಎಂಬುದನ್ನು ತಿಳಿದುಕೊಳ್ಳಬೇಕು, ಅಷ್ಟೆ.

ಅರ್ಥಶಾಸ್ತ್ರ ಏನು ಹೇಳುತ್ತದೆ?

ಎಲ್ಲ ದಾರಿಗಳನ್ನೂ ತೂಗಿ ನೋಡಿ ಅತ್ಯುತ್ತಮವಾದುದನ್ನು ಆರಿಸುವವನೇ ಬುದ್ಧಿವಂತ ಎಂದು ಹಿಂದಿನ ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತಿದ್ದವು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ ಇದನ್ನು ಒಪ್ಪಲಿಲ್ಲ. ಮನುಷ್ಯನಿಗೆ ಇರುವ ಸಮಯ, ತಿಳಿವಳಿಕೆ, ಲೆಕ್ಕ ಹಾಕುವ ಶಕ್ತಿ ಎಲ್ಲವೂ ಮಿತವಾದುವು. ಆದ್ದರಿಂದ ಆತ ಅತ್ಯುತ್ತಮವಾದುದನ್ನು ಹುಡುಕುತ್ತ ಕೂರುವ ಬದಲು ‘ಇಷ್ಟಾದರೆ ಸಾಕು’ ಎನ್ನುವಂಥದ್ದು ಸಿಕ್ಕ ಕೂಡಲೇ ಅದನ್ನು ಹಿಡಿಯುತ್ತಾನೆ. ಹಾಗೆ ಮಾಡುವುದು ಬಹಳ ಸಲ ಜಾಣತನವೇ ಹೌದು ಎಂಬುದು ಸೈಮನ್ ಅವರ ವಾದ.

ಇಲ್ಲೊಂದು ತೊಡಕೂ ಇದೆ. ಎಷ್ಟು ಹೊತ್ತು ಯೋಚಿಸಬೇಕು ಎಂದು ತೀರ್ಮಾನಿಸುವುದಕ್ಕೂ ಯೋಚನೆಯೇ ಬೇಕು. ಅದಕ್ಕೂ ಹೊತ್ತು ಹಿಡಿಯುತ್ತದೆ. ಇದರಿಂದ ಪಾರಾಗಲು ಇರುವ ದಾರಿ ಒಂದೇ: ಬಿಡುವಾಗಿರುವಾಗ ಒಂದು ಕಟ್ಟುಪಾಡು ಮಾಡಿಕೊಳ್ಳುವುದು, ತುರ್ತು ಬಂದಾಗ ಅದರಂತೆ ನಡೆಯುವುದು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಬ್ಯಾರನ್ನಿಗೆ ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲು ರಾತ್ರಿ ಕಾವಲು. ಎಲೆ ಹಳದಿಗೆ ತಿರುಗುವಾಗ ಎಷ್ಟು ಕಾವು, ಎಲೆ ಒಣಗುವಾಗ ಎಷ್ಟು, ನಡುದಂಟು ಒಣಗುವಾಗ ಎಷ್ಟು ಎಂಬುದು ಮೊದಲೇ ಗೊತ್ತಿರುತ್ತದೆ. ಕಾವು ತಪ್ಪಿದಾಗ ಯಾರೂ ನೆಂಟರಿಷ್ಟರನ್ನು ಕರೆಸಿ ಸಭೆ ಮಾಡುವುದಿಲ್ಲ. ಕೂಡಲೇ ಕಟ್ಟಿಗೆ ಒಟ್ಟುತ್ತಾರೆ ಅಥವಾ ಹಿಂದಕ್ಕೆಳೆಯುತ್ತಾರೆ. ತಡಮಾಡಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತದೆಂದು ಅವರಿಗೆ ತಿಳಿದಿದೆ. ಅದೇ ರೈತ ಕಟ್ಟೆಮಳಲವಾಡಿಯ ಅಥವಾ ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೋದಾಗ ಬೇರೆ ರೀತಿ ನಡೆದುಕೊಳ್ಳುತ್ತಾನೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ವಾಪಸು ತಂದು ಇನ್ನೊಂದು ದಿನ ಒಯ್ಯುತ್ತಾನೆ. ಒಂದು ಕಡೆ ಕಾಯುವುದು ನಷ್ಟ, ಇನ್ನೊಂದು ಕಡೆ ಕಾಯುವುದು ಲಾಭ. ಬೆಳೆಯ ವಿಷಯದಲ್ಲಿ ಇರುವ ಈ ವಿವೇಕವನ್ನು ಕಾಯಿಲೆಯ ವಿಷಯಕ್ಕೂ ತಂದುಕೊಂಡರೆ ಎಷ್ಟೋ ಜೀವಗಳು ಉಳಿದಾವು.

ಹಾವು ಕಡಿದಾಗ

ಮುಂಗಾರಿನಲ್ಲಿ ಹೊಲಗದ್ದೆಯ ಕೆಲಸ ಹೆಚ್ಚಿದಂತೆ ಹಾವು ಕಡಿತವೂ ಹೆಚ್ಚುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಡಿತದಿಂದ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚಿನ ಸಾವುಗಳು ಸಂಭವಿಸಿರುವುದು ಹಳ್ಳಿಗಳಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಇದೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟವೇ ನಿಲ್ಲಬಹುದು. ಮಂಡಲ ಹಾವುಗಳ ವಿಷದಿಂದ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಮೂತ್ರಪಿಂಡವೂ ಕೆಡಬಹುದು. ವಿಷ ದೇಹದಲ್ಲಿ ತನ್ನ ಕೆಲಸ ಮುಗಿಸಿದ ಮೇಲೆ ಕೊಟ್ಟ ಪ್ರತಿವಿಷ ಆಗಿಹೋದ ಹಾನಿಯನ್ನು ಪೂರ್ತಿ ಸರಿಪಡಿಸಲಾರದು. ಆದ್ದರಿಂದ ಇಲ್ಲಿ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಆದರೆ ನಡೆಯುವುದೇನು? ಮೊದಲ ಅರ್ಧ ಗಂಟೆ ಹಾವನ್ನು ಹುಡುಕಿ ಹೊಡೆಯುವುದರಲ್ಲಿ ಹೋಗುತ್ತದೆ. ಯಾವ ಹಾವೆಂದು ತಿಳಿಯಬೇಕಲ್ಲ ಎಂಬುದು ಅದಕ್ಕೆ ಕಾರಣ. ನಾಲ್ಕು ಹಾವುಗಳಿಗೂ ಒಂದೇ ಮದ್ದು ಇರುವಾಗ, ಲಕ್ಷಣಗಳನ್ನು ನೋಡಿಯೇ ವೈದ್ಯರು ಚಿಕಿತ್ಸೆ ಮಾಡುವಾಗ, ಈ ತಿಳಿವಳಿಕೆಗೆ ಅರ್ಧ ಗಂಟೆ ತೆರುವುದು ನಷ್ಟದ ವ್ಯಾಪಾರ. ಜೊತೆಗೆ ಇನ್ನೊಬ್ಬರಿಗೂ ಕಡಿತವಾಗುವ ಅಪಾಯ ಬೇರೆ.

ಎರಡನೆಯದು ಮಂತ್ರ, ನಾಟಿ ಔಷಧಿ. ಮಂತ್ರದಿಂದ ವಿಷ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಡಿಯುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ಹಲ್ಲು ಊರಿದರೂ ವಿಷ ಬಿಟ್ಟಿರುವುದಿಲ್ಲ. ಅಂಥವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಕೀರ್ತಿ ಮಾತ್ರ ಮಂತ್ರಕ್ಕೆ ಹೋಗುತ್ತದೆ. ನಿಜವಾಗಿ ವಿಷ ಏರಿದವರ ವಿಷಯದಲ್ಲಿ ‘ತಡವಾಗಿ ತಂದಿರಿ’, ‘ಆಯುಸ್ಸು ಅಷ್ಟೇ ಇತ್ತು’ ಎಂಬ ಮಾತು ಬರುತ್ತದೆ.

ಆಸ್ಪತ್ರೆಯಲ್ಲಿ ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ರಕ್ತವನ್ನು ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆಯೆಂದು ಅರ್ಥ. ವೈದ್ಯರೂ 20 ನಿಮಿಷ ಕಾದರು, ಮನೆಯವರೂ ಭಾವಮೈದನ ದಾರಿ ನೋಡುತ್ತ 20 ನಿಮಿಷ ಕಾದರು ಎಂದಿಟ್ಟುಕೊಳ್ಳಿ. ಗಡಿಯಾರಕ್ಕೆ ಎರಡೂ ಒಂದೇ. ಆದರೆ ವೈದ್ಯರ 20 ನಿಮಿಷದಿಂದ ಹೊಸ ವಿಷಯ ತಿಳಿಯಿತು. ಅಷ್ಟರಲ್ಲಿ ರೋಗಿ ಅವರ ಕಣ್ಣೆದುರೇ ಇದ್ದ. ಮನೆಯವರ 20 ನಿಮಿಷದಿಂದ ಏನೂ ತಿಳಿಯಲಿಲ್ಲ. ಕಾಯುವುದು ಲಾಭವೋ ನಷ್ಟವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಹಾವು ಕಡಿದಾಗ ಮಾಡಬೇಕಾದದ್ದು ಇಷ್ಟೇ. ರೋಗಿಗೆ ಧೈರ್ಯ ಹೇಳಿ ಮಲಗಿಸಿ. ಕಡಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು ಅಲುಗದಂತೆ ಮಾಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ನಡೆಸಬೇಡಿ. ಪ್ರತಿವಿಷ ಸಿಗುವ ಅತಿ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಮೈಸೂರಿನ ಕೆ.ಆರ್. ಆಸ್ಪತ್ರೆ ದೊಡ್ಡದು ನಿಜ, ಆದರೆ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಅಷ್ಟು ದೂರ ಹೋಗುವಷ್ಟು ಹೊತ್ತು ರೋಗಿಗೆ ಇಲ್ಲದಿರಬಹುದು. ಮೊದಲ ಚುಚ್ಚುಮದ್ದು ಹತ್ತಿರದಲ್ಲೇ ಆಗಲಿ, ಮುಂದಿನದನ್ನು ವೈದ್ಯರು ಹೇಳುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ ಕಟ್ಟುಹಾವು ಕಡಿದಿರಬಹುದು. ಗಾಯ ಕಾಣಿಸಲೇಬೇಕೆಂದಿಲ್ಲ ಎಂಬುದೂ ನೆನಪಿರಲಿ.

ಹೆರಿಗೆ ಮತ್ತು ಮೂರು ವಿಳಂಬಗಳು

ತಾಯಂದಿರ ಸಾವಿಗೆ ಮೂರು ಬಗೆಯ ವಿಳಂಬ ಕಾರಣವೆಂದು 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕರು ವಿಂಗಡಿಸಿ ತೋರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನಿಸುವ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಗೆ ತಲುಪಿದ ಮೇಲೆ ಚಿಕಿತ್ಸೆ ಸಿಗುವ ವಿಳಂಬ. ಎರಡನೆಯದೂ ಮೂರನೆಯದೂ ಸರ್ಕಾರದ ಹೊಣೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಯಿಂದ ದಾರಿಯ ವಿಳಂಬ ಕಡಿಮೆಯಾಗಿದೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ನಡೆಸುವ ಸರಗೂರಿನ ಆಸ್ಪತ್ರೆ ಕಾಡಂಚಿನ ಹಾಡಿಗಳ ಜನರಿಗೆ ಹತ್ತಿರದ ಆಸರೆಯಾಗಿದೆ. ಆದರೆ ಮೊದಲನೆಯ ವಿಳಂಬ ಮನೆಯೊಳಗಿನದು. ಅದನ್ನು ಯಾವ ಆಂಬುಲೆನ್ಸೂ ಕಡಿಮೆ ಮಾಡಲಾರದು.

ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ಗಂಡ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾನೆ, ಫೋನು ಸಿಗುತ್ತಿಲ್ಲ, ಅವನನ್ನು ಕೇಳದೆ ಹೇಗೆ ಕಳಿಸುವುದು ಎಂದು ಅತ್ತೆ ಅನುಮಾನಿಸುತ್ತಾರೆ. ಆ ಎರಡು ಗಂಟೆ ಅಷ್ಟರಲ್ಲೇ ಕಳೆದುಹೋಗುತ್ತದೆ. ಇಲ್ಲಿ ಕೊರತೆಯಿರುವುದು ಹಣದ್ದಲ್ಲ, ಪ್ರೀತಿಯದ್ದೂ ಅಲ್ಲ. ತೀರ್ಮಾನಿಸುವ ಅಧಿಕಾರ ಯಾರದೆಂಬುದು ಮೊದಲೇ ಗೊತ್ತಾಗಿಲ್ಲ, ಅಷ್ಟೆ. ಬಸುರಿಗೆ ಏಳು ತಿಂಗಳು ತುಂಬುವಾಗ ಸೀಮಂತದ ಮಾತಿನ ಜೊತೆಗೆ ಈ ಮಾತನ್ನೂ ಆಡಿ ಮುಗಿಸಬೇಕು. ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು, ಗಂಡ ಇಲ್ಲದಿದ್ದರೆ ಯಾರ ಮಾತು ನಡೆಯಬೇಕು ಎಂಬುದು ಎಲ್ಲರಿಗೂ ತಿಳಿದಿರಬೇಕು.

ಎದೆನೋವು, ಪಾರ್ಶ್ವವಾಯು

ಪಟ್ಟಣದ ವಿದ್ಯಾವಂತರೂ ಎಡವುವ ಜಾಗವಿದು. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವವರು ಎಷ್ಟೋ ಮಂದಿ. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿದಷ್ಟು ಹೊತ್ತೂ ಹೃದಯದ ಮಾಂಸಖಂಡ ಸಾಯುತ್ತಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆ ಇರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಎಷ್ಟು ತರ್ಕಿಸಿದರೂ ತೀರ್ಮಾನವಾಗುವುದಿಲ್ಲ. ಇಸಿಜಿ ತೆಗೆದರೆ ಕೆಲವೇ ನಿಮಿಷಗಳಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶವೂ ಇದೇ. ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೃದ್ರೋಗ ತಜ್ಞರ ಸಲಹೆ ಪಡೆದು, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳಿಸುವುದು.

ಪಾರ್ಶ್ವವಾಯುವಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಬಾಯಿ ಸೊಟ್ಟಗಾದ, ಕೈ ಸೋತ, ಮಾತು ತೊದಲಿದ ಕ್ಷಣದಿಂದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧಿ ಕೊಡಬೇಕು. ಅಂದರೆ 270 ನಿಮಿಷ. ಪಿರಿಯಾಪಟ್ಟಣದ ಹಳ್ಳಿಯೊಂದರಿಂದ ಗಾಡಿ ಹೊರಡಲು 30 ನಿಮಿಷ, ಮೈಸೂರು ತಲುಪಲು 100 ನಿಮಿಷ, ಸ್ಕ್ಯಾನಿಂಗ್ ಮತ್ತು ಪರೀಕ್ಷೆಗಳಿಗೆ 60 ನಿಮಿಷ ಎಂದು ಹಿಡಿದರೆ 190 ಆಯಿತು. ಉಳಿದದ್ದು 80 ನಿಮಿಷ. ಆ 80ರಲ್ಲೂ ಮುಂಚೆ ಹೋದಷ್ಟೂ ಗುಣ ಹೆಚ್ಚು. ಬೆಳಗಾಗಲಿ ಎಂದು ಕಾಯುವುದಕ್ಕೆ ಇಲ್ಲಿ ಎಡೆಯೇ ಇಲ್ಲ. ಲಕ್ಷಣ ಕಾಣಿಸಿದ ಹೊತ್ತನ್ನು ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಬಹಳ ಉಪಯೋಗ.

‘ಹೋದರೆ ಏನೂ ಇಲ್ಲ ಎಂದುಬಿಟ್ಟರೆ? ದುಡ್ಡು ದಂಡವಲ್ಲವೆ?’ ಎಂದು ಕೇಳುವವರಿದ್ದಾರೆ. ದಂಡವೇ, ಆದರೆ ಎಷ್ಟು? ಒಂದು ಗಾಡಿ ಬಾಡಿಗೆ, ಒಂದು ದಿನದ ಕೂಲಿ. ಹೋಗದೆ ತಪ್ಪಿದರೆ ದುಡಿಯುವ ಜೀವವೇ ಹೋಗುತ್ತದೆ ಅಥವಾ ಹಾಸಿಗೆ ಹಿಡಿಯುತ್ತದೆ. ಎರಡು ತಪ್ಪುಗಳ ತೂಕ ಹೀಗೆ ಬೇರೆಯಾಗಿರುವಾಗ ಹಗುರವಾದ ತಪ್ಪಿನ ಕಡೆಗೆ ವಾಲುವುದೇ ಲೇಸು.

ನಾಯಿ ಕಡಿದಾಗಲೂ ಇದೇ ಮಾತು. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅದೇ ದಿನ ಚುಚ್ಚುಮದ್ದು ಆರಂಭಿಸಬೇಕು. ನಾಯಿಗೆ ಹುಚ್ಚಿದೆಯೋ ಇಲ್ಲವೋ ಎಂದು ಹತ್ತು ದಿನ ಗಮನಿಸುವುದು ಚುಚ್ಚುಮದ್ದು ಶುರುವಾದ ಮೇಲಿನ ಕೆಲಸ. ನಾಯಿ ಆರೋಗ್ಯವಾಗಿಯೇ ಉಳಿದರೆ ಮುಂದೇನು ಎಂಬುದನ್ನು ವೈದ್ಯರು ಹೇಳುತ್ತಾರೆ. ಮೊದಲು ಕೆಲಸ, ಅದರ ಜೊತೆಜೊತೆಗೇ ಯೋಚನೆ.

ನಿಧಾನಿಸಬೇಕಾದ ಕಡೆ

ತಾಳಿದವನು ಬಾಳಿಯಾನು ಎಂಬ ಗಾದೆಯೂ ಸುಳ್ಳಲ್ಲ. ಮಂಡಿಚಿಪ್ಪು ಬದಲಾವಣೆ, ಗರ್ಭಕೋಶ ತೆಗೆಸುವುದು, ನೋವು ಕೊಡದ ಪಿತ್ತಕೋಶದ ಕಲ್ಲು, ಬೆನ್ನಿನ ಶಸ್ತ್ರಚಿಕಿತ್ಸೆ ಮುಂತಾದುವುಗಳಲ್ಲಿ ಸಾಮಾನ್ಯವಾಗಿ ಕೆಲವು ವಾರ ಕಾದರೆ ನಷ್ಟವಿಲ್ಲ; ಮಾಡಿಸಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಇಲ್ಲಿ ಅವಸರವೇ ದುಬಾರಿ. ವಿಚಿತ್ರವೆಂದರೆ ತುರ್ತಿನಲ್ಲಿ ಗಂಟೆಗಟ್ಟಲೆ ಚರ್ಚಿಸುವ ಮನೆಯವರೇ ಇಂಥ ಕಡೆ ಒಂದೇ ಮಾತಿಗೆ ಒಪ್ಪಿ ಒಡವೆ ಅಡವಿಡುತ್ತಾರೆ. ಒಂದು ತಿಂಗಳು ಕಾದರೆ ಏನಾಗುತ್ತದೆ, ಬೇರೆ ಚಿಕಿತ್ಸೆ ಇದೆಯೆ, ಒಟ್ಟು ಖರ್ಚೆಷ್ಟು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಯಾರಿಗೂ ಅವಮಾನವಲ್ಲ. ಕ್ಯಾನ್ಸರಿನ ಗುಮಾನಿ ಇದ್ದರೆ ಮಾತ್ರ ಪರೀಕ್ಷೆಯನ್ನು ಮುಂದೂಡಬಾರದು.

ಹಾಗಾದರೆ ಯಾವುದು ಅವಸರದ್ದು, ಯಾವುದು ನಿಧಾನದ್ದು ಎಂದು ತಿಳಿಯುವುದು ಹೇಗೆ? ಮೂರು ಪ್ರಶ್ನೆ ಸಾಕು. ಕಾಯುವುದರಿಂದ ರೋಗಿಗೆ ಹಾನಿಯಾಗುತ್ತದೆಯೆ? ಮಾಡಿದ್ದನ್ನು ಮತ್ತೆ ಸರಿಪಡಿಸಲು ಸಾಧ್ಯವೆ? ಇನ್ನೂ ಕೇಳುತ್ತ ಹೋದರೆ ಹೊಸ ವಿಷಯವೇನಾದರೂ ತಿಳಿಯುತ್ತದೆಯೆ, ಇಲ್ಲ ಐದು ಮಂದಿ ಐದು ಸಲ ಹೇಳಿದ್ದನ್ನೇ ಹೇಳುತ್ತಾರೆಯೆ?

ಒಂದು ಸಂಜೆಯ ಕೆಲಸ

ಮುಂಗಾರು ಹಿಡಿಯುವ ಮೊದಲು ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕೂತು ಯೋಚಿಸಿ. ಆ ಹೊತ್ತಿನಲ್ಲಿ ಯೋಚನೆಗೆ ಖರ್ಚಿಲ್ಲ. ತೀರ್ಮಾನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿ.

1. ಹಾವು ಕಡಿತ, ಎದೆನೋವು, ಬಾಯಿ ಸೊಟ್ಟಗಾಗುವುದು, ಮೂರ್ಛೆ, ಉಸಿರುಗಟ್ಟುವುದು, ಬಸುರಿ ಬಾಣಂತಿಯರ ರಕ್ತಸ್ರಾವ, ವಿಷ ಅಥವಾ ಕೀಟನಾಶಕ ಸೇವನೆ: ಇವುಗಳಿಗೆ ಚರ್ಚೆ ಇಲ್ಲ, ಕೂಡಲೇ ಆಸ್ಪತ್ರೆ.

2. ಆ ಹೊತ್ತಿಗೆ ಮನೆಯಲ್ಲಿರುವ ದೊಡ್ಡವರ ತೀರ್ಮಾನವೇ ಅಂತಿಮ. ಅವರು ಹೆಂಗಸಾಗಲಿ, ಸೊಸೆಯಾಗಲಿ, ಯಜಮಾನರನ್ನು ಕೇಳಿ ಕಾಯಬೇಕಾಗಿಲ್ಲ. ನಂತರ ಯಾರೂ ಆಕ್ಷೇಪಿಸಬಾರದು.

3. 108ರ ಜೊತೆಗೆ ಊರಿನಲ್ಲಿ ರಾತ್ರಿ ಹೊತ್ತು ಬರುವ ಎರಡು ಗಾಡಿಯವರ ನಂಬರು. ಆಂಬುಲೆನ್ಸ್ ತಡವೆಂದು ತಿಳಿದರೆ ಗಾಡಿಯಲ್ಲಿ ಹೊರಡಿ.

4. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ, ಇಸಿಜಿ, ಹೆರಿಗೆ ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಇವೆಯೆಂಬ ವಿವರ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ.

5. ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡುಗಳ ನಕಲು ಮತ್ತು ಸ್ವಲ್ಪ ನಗದು ಇರುವ ಒಂದು ಚೀಲ. ಕಾಗದ ಸಿಗಲಿಲ್ಲವೆಂದು ಮಾತ್ರ ನಿಲ್ಲಬೇಡಿ. ಮೊದಲು ಜೀವ ಉಳಿಸಬೇಕು, ವಿಧಿವಿಧಾನಗಳು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಅಪಘಾತದ ಗಾಯಾಳುವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ದಿನನಿತ್ಯದ ಮಾತ್ರೆಗೂ ಈ ಕಟ್ಟುಪಾಡು ಒಳ್ಳೆಯದು. ರಕ್ತದೊತ್ತಡ ಇರುವವರು ‘ಇವತ್ತು ಚೆನ್ನಾಗಿದ್ದೇನೆ, ನುಂಗಲೋ ಬೇಡವೋ’ ಎಂದು ದಿನಾ ತೂಗಿ ನೋಡುತ್ತಿದ್ದರೆ ಒಂದಲ್ಲ ಒಂದು ದಿನ ಬಿಟ್ಟುಹೋಗುತ್ತದೆ. ವೈದ್ಯರು ಬೆಳಗಿನ ಹೊತ್ತಿಗೆ ಹೇಳಿದ್ದರೆ ಕಾಫಿ ಲೋಟದ ಪಕ್ಕದಲ್ಲೇ ಮಾತ್ರೆ ಇಟ್ಟುಕೊಂಡರಾಯಿತು.

ಚೀಟಿ ಬರೆದ ಮೇಲೆ ಮನೆಯ ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ, ಓದಲು ಬಾರದ ಹಿರಿಯರೂ ಕೇಳಿಸಿಕೊಳ್ಳಲಿ. ವರ್ಷಕ್ಕೊಮ್ಮೆ ಗಾಡಿಯವರ ನಂಬರು ಸರಿಯಿದೆಯೆ ಎಂದು ನೋಡಿಕೊಳ್ಳಿ. ಅದು ಉಪಯೋಗಕ್ಕೆ ಬಾರದೆ ಗೋಡೆಯ ಮೇಲೆಯೇ ಹಳೆಯದಾದರೆ ಸಂತೋಷ.